ಕರ್ನಾಟಕದ ಸಂಗೀತ ವೇದಿಕೆಗಳು: ಸಂಘಟನೆ ಮತ್ತು ಹಕ್ಕೊತ್ತಾಯದ ಇತಿಹಾಸ

ಕಛೇರಿ, ಬಯಲಾಟ, ಕಂಪನಿ ನಾಟಕ, ರಸಮಂಜರಿ, ಬ್ಯಾಂಡ್ ಯಾವುದೇ ಇರಲಿ, ಕೇಳುಗರ ಎದುರು ಹಾಡಲು ಒಂದು ಜಾಗ ಬೇಕು, ಆ ಜಾಗವನ್ನು ನಡೆಸುವವರು ಬೇಕು. ಕರ್ನಾಟಕದಲ್ಲಿ ಕಲಾವಿದರ ಸಂಘಗಳು ಬಹಳ ಹಿಂದಿನಿಂದ ಇವೆ. ಜಾಗ ನಡೆಸುವವರು ಒಟ್ಟಾಗಿ ಸರ್ಕಾರದ ಮುಂದೆ ನಿಂತ ಪ್ರಸಂಗಗಳು ಮಾತ್ರ ಕಡಿಮೆ. ಅವೂ ಹೆಚ್ಚಾಗಿ ಪರವಾನಗಿಗೆ ಕುತ್ತು ಬಂದಾಗಲೇ ನಡೆದಿವೆ.

ಸಂಘಟಿತ ವೇದಿಕೆಯ ಹಳೆಯ ರೂಪ ಸಂಗೀತ ಸಭೆ. ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿತು. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿ, ಕೋಟೆ ಹೈಸ್ಕೂಲ್ ಮೈದಾನದ ಚಪ್ಪರವನ್ನು ದೇಶದ ದೊಡ್ಡ ರಾಮನವಮಿ ವೇದಿಕೆಗಳಲ್ಲಿ ಒಂದಾಗಿ ಬೆಳೆಸಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಪ್ರಸನ್ನ ಸೀತಾರಾಮ ಮಂದಿರವಿತ್ತು. ದೂರದಿಂದ ಬಂದ ವಿದ್ವಾಂಸರು ಇಂದು ಒಂದು ಊರಲ್ಲಿ, ನಾಳೆ ಇನ್ನೊಂದು ಊರಲ್ಲಿ ಹಾಡುವಂತೆ ಸಭೆಗಳು ದಿನ ಹೊಂದಿಸಿಕೊಳ್ಳುತ್ತವೆ. ಇದು ಕಾಗದಪತ್ರವಿಲ್ಲದ ಸಹಕಾರ, ಪರಿಚಯ ಮತ್ತು ವಿಶ್ವಾಸದ ಮೇಲೆ ನಿಂತದ್ದು. ಕರ್ನಾಟಕ ಗಾನಕಲಾ ಪರಿಷತ್ತು ಸಮ್ಮೇಳನ ನಡೆಸುತ್ತದೆ, ಗಾನಕಲಾಭೂಷಣ ಬಿರುದು ಕೊಡುತ್ತದೆ. ಆದರೆ ಅದು ವಿದ್ವಾಂಸರ ಸಂಸ್ಥೆ, ವೇದಿಕೆ ನಡೆಸುವವರದಲ್ಲ.

ಉತ್ತರದ ಜಿಲ್ಲೆಗಳಲ್ಲಿ ವೇದಿಕೆಯ ಬಗೆ ಬೇರೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ರಾಯಚೂರು ಸೀಮೆ ಹಾಡಿನ ಸೀಮೆಯೇ ಹೌದು. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಒಂದಕ್ಕೊಂದು ದೂರವಿಲ್ಲ. ಇಲ್ಲಿ ಭಜನೆಗೆ ಗುಡಿ, ತತ್ವಪದಕ್ಕೆ ಮಠ, ಮುದಗಲ್ಲಿನ ಮೊಹರಂ ಪದಗಳಿಗೆ ಬೀದಿಯೇ ವೇದಿಕೆ. ಜಾತ್ರೆ ಬಂದರೆ ಊರ ಹುಡುಗರು ನಾಟಕ ಕಟ್ಟುತ್ತಾರೆ. ಪೇಟಿ ಮಾಸ್ತರರನ್ನು ಗೊತ್ತು ಮಾಡುತ್ತಾರೆ, ಪಟ್ಟಣದಿಂದ ಸೀನರಿ, ಮೈಕು ಬಾಡಿಗೆಗೆ ತರುತ್ತಾರೆ, ವಂತಿಗೆ ಎತ್ತುತ್ತಾರೆ, ಠಾಣೆಗೆ ಹೋಗಿ ಪರವಾನಗಿ ಕೇಳುತ್ತಾರೆ. ಒಂದು ರಾತ್ರಿಗೆಂದು ಎದ್ದ ವೇದಿಕೆ ಬೆಳಗಾದಾಗ ಇರುವುದಿಲ್ಲ, ಅದರ ಪರವಾಗಿ ಮರುವರ್ಷ ಮಾತಾಡುವ ಸಂಘವೂ ಉಳಿಯುವುದಿಲ್ಲ. ಕೃಷ್ಣಾ ದಂಡೆಯ ಶಕ್ತಿನಗರ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸುತ್ತ ಬೆಳೆದ ಊರು. ಇಂಥ ಸ್ಥಾವರದ ಕಾಲೊನಿಗಳಲ್ಲೂ ಗಣೇಶೋತ್ಸವ, ರಾಜ್ಯೋತ್ಸವಗಳೇ ಹಾಡುವವರಿಗೆ ಸಿಗುವ ಮುಖ್ಯ ಅವಕಾಶ. ಜಿಲ್ಲಾ ಕೇಂದ್ರದ ರಂಗಮಂದಿರಕ್ಕೆ ಇದೇ ನೆಲದ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿಟ್ಟಿರುವುದು ತಕ್ಕ ಗೌರವ. ಆದರೂ ಜಿಲ್ಲೆಯ ಹೆಚ್ಚಿನ ಹಾಡು ಕೇಳಿಬರುವುದು ರಂಗಮಂದಿರದ ಹೊರಗೇ.

ವೇದಿಕೆ ಮತ್ತು ಸರ್ಕಾರದ ನಡುವಿನ ಮುಖ್ಯ ಕಾನೂನು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಸಾರ್ವಜನಿಕ ವಿನೋದ, ಮನರಂಜನೆಯ ಸ್ಥಳಗಳಿಗೆ ನಿಯಮ ರೂಪಿಸುವ ಅಧಿಕಾರವನ್ನು ಅದರ 31ನೆಯ ಕಲಂ ಪೊಲೀಸ್ ಅಧಿಕಾರಿಗಳಿಗೆ ಕೊಡುತ್ತದೆ. ಬೆಂಗಳೂರು ಪೊಲೀಸ್ ಆಯುಕ್ತರು 2005ರಲ್ಲಿ ಇದರಡಿ ಒಂದು ಆದೇಶ ಹೊರಡಿಸಿ, ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ನಡೆಸುವ ಸ್ಥಳಗಳು ಪ್ರತ್ಯೇಕ ಪರವಾನಗಿ ಪಡೆಯಬೇಕೆಂದರು. ಇದನ್ನು ಪ್ರಶ್ನಿಸಿದವರಲ್ಲಿ ಕರ್ನಾಟಕ ಲೈವ್ ಬ್ಯಾಂಡ್ ರೆಸ್ಟೋರೆಂಟ್ಸ್ ಅಸೋಸಿಯೇಷನ್ ಒಂದು. ಸಂಗೀತ ನಡೆಸುವ ಜಾಗಗಳ ಮಾಲೀಕರು ಸಂಘದ ಹೆಸರಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ರಾಜ್ಯದ ಮಟ್ಟಿಗೆ ದೊಡ್ಡ ಸಂಗತಿ. ಊಟ, ಪಾನೀಯಕ್ಕೆ ಈಗಾಗಲೇ ಪರವಾನಗಿ ಇರುವಾಗ ಇನ್ನೊಂದು ಏಕೆ, ಷರತ್ತುಗಳು ವ್ಯಾಪಾರದ ಹಕ್ಕನ್ನು ಅತಿಯಾಗಿ ಕಟ್ಟಿಹಾಕುತ್ತವೆ ಎಂಬುದು ಅವರ ವಾದದ ತಿರುಳು. ನ್ಯಾಯಮೂರ್ತಿಗಳಾದ ಆರ್.ಕೆ. ಅಗ್ರವಾಲ್ ಮತ್ತು ಅಭಯ ಮನೋಹರ ಸಪ್ರೆ ಅವರ ಪೀಠ 2018ರ ಜನವರಿಯಲ್ಲಿ ಆದೇಶವನ್ನು ಎತ್ತಿಹಿಡಿಯಿತು. ಸಾರ್ವಜನಿಕ ಹಿತಕ್ಕಾಗಿ ಹೇರುವ ಸಮಂಜಸ ನಿರ್ಬಂಧಕ್ಕೆ ವ್ಯಾಪಾರದ ಹಕ್ಕು ಒಳಪಟ್ಟಿದೆ ಎಂಬುದು ತೀರ್ಪಿನ ನಿಲುವು.

ತೀರ್ಪಿನ ಪರಿಣಾಮ ದಾವೆ ಹೂಡಿದವರನ್ನು ದಾಟಿ ಹೋಯಿತು. ಪೊಲೀಸರು ನಗರದ ಪಬ್ಬು, ರೆಸ್ಟೋರೆಂಟುಗಳಿಗೆ ನೋಟಿಸು ಕೊಟ್ಟರು. 2018ರ ನಡುವಿನ ತಿಂಗಳುಗಳಲ್ಲಿ ಹಲವು ಕಡೆ ಹಾಡು ನಿಂತಿತು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪತ್ರ (ಓಸಿ) ಬೇಕು, ಬೆಂಗಳೂರಿನ ಬಹಳಷ್ಟು ಕಟ್ಟಡಗಳಿಗೆ ಅದೇ ಇಲ್ಲ. ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ನಗರ ಘಟಕ ಮಾತುಕತೆಗೆ ಇಳಿಯಿತು, ಸಂಗೀತಗಾರರು ದನಿ ಎತ್ತಿದರು. ಇನ್ನೊಂದೆಡೆ ಇಂದಿರಾನಗರದ ನಿವಾಸಿಗಳು ರಾತ್ರಿ ಗದ್ದಲದ ವಿರುದ್ಧ ಹೋರಾಡುತ್ತಿದ್ದರು. ಅವರ ದೂರು ಸುಳ್ಳಲ್ಲ. ನಿದ್ದೆಗೂ ಹಾಡಿಗೂ ಒಂದೇ ಬೀದಿಯಲ್ಲಿ ಜಾಗ ಮಾಡಿಕೊಡುವ ನಗರ ಯೋಜನೆ ಇಲ್ಲದಾಗ ಇಬ್ಬರೂ ಠಾಣೆಯ ಬಾಗಿಲಿಗೇ ಹೋಗಬೇಕಾಗುತ್ತದೆ. ಹೊಸ ತಂಡಗಳಿಗೆ ಆಸರೆಯಾಗಿದ್ದ ಇಂದಿರಾನಗರದ ದಿ ಹಮ್ಮಿಂಗ್ ಟ್ರೀ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿತು.

ಯುರೋಪಿನಲ್ಲಿ ಇದೇ ಜಗಳ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ವೇದಿಕೆಗಳು ಮೊದಲು ದೇಶಮಟ್ಟದ ಸಂಘ ಕಟ್ಟಿಕೊಂಡವು. ಆ ಸಂಘಗಳನ್ನು ಜೋಡಿಸುವ ಲೈವ್ ಡಿಎಂಎ 2012ರಲ್ಲಿ ರೂಪುಗೊಂಡಿತು. ಬ್ರಿಟನ್ನಿನಲ್ಲಿ 2014ರಲ್ಲಿ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಹುಟ್ಟಿತು. ಹಳೆಯ ಸಂಗೀತ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರೇ ಶಬ್ದ ತಡೆಯ ವೆಚ್ಚ ಹೊರಬೇಕೆಂಬ ತತ್ವ ಇಂಥ ಸಂಸ್ಥೆಗಳ ಒತ್ತಾಯದಿಂದ 2018ರಲ್ಲಿ ಇಂಗ್ಲೆಂಡಿನ ಯೋಜನಾ ನೀತಿಯೊಳಗೆ ಬಂತು. ಸಂಗೀತ ಕ್ಲಬ್ಬುಗಳನ್ನು ಮನರಂಜನಾ ಸ್ಥಳಗಳ ಸಾಲಿನಿಂದ ತೆಗೆದು ಸಾಂಸ್ಕೃತಿಕ ಸ್ಥಳಗಳ ಸಾಲಿಗೆ ಸೇರಿಸಬೇಕೆಂದು ಜರ್ಮನಿಯ ಸಂಸತ್ತು 2021ರ ಮೇ ತಿಂಗಳಲ್ಲಿ ನಿರ್ಣಯಿಸಿತು. ನಮ್ಮ ಪೊಲೀಸ್ ಕಾಯ್ದೆ ಇಂಥ ಜಾಗಗಳನ್ನು ಇಟ್ಟಿರುವುದು ಮನರಂಜನೆಯ ಸಾಲಿನಲ್ಲಿ. ಬೆಂಗಳೂರಿನ ಸಂಘ ವ್ಯಾಪಾರದ ಹಕ್ಕನ್ನು ಹಿಡಿದು ವಾದಿಸಿತು. ಸಭೆ, ಮೇಳ, ನಾಟಕ ಕಂಪನಿ, ಪಬ್ಬು ಎಲ್ಲವೂ ಸಂಸ್ಕೃತಿಯ ಜಾಗಗಳು ಎಂದು ಒಟ್ಟಾಗಿ ಕೇಳಿದ್ದರೆ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತಿತ್ತು.

ಏಕೆಂದರೆ ಕಟ್ಟಳೆ ಎಲ್ಲರನ್ನೂ ತಟ್ಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕಿದೆ. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಬಿಗಿಗೊಳಿಸಿತು. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಧ್ವನಿವರ್ಧಕಗಳಿಗೆ ಪರವಾನಗಿ ಕಡ್ಡಾಯವೆಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ಕಟೀಲಿನ ಯಕ್ಷಗಾನ ಮೇಳಗಳು ರಾತ್ರಿಯಿಡೀ ಆಡುವುದನ್ನು ಬಿಟ್ಟು ಕಾಲಮಿತಿಗೆ ಹೊರಳಿದವು, ಕರಾವಳಿಯಲ್ಲಿ ದೊಡ್ಡ ಚರ್ಚೆಯಾಯಿತು. ಉತ್ತರದ ಜಿಲ್ಲೆಗಳ ಬಯಲಾಟವಾದ ದೊಡ್ಡಾಟಕ್ಕೂ ಇದೇ ಸಂಕಟ. ರಾತ್ರಿ ಉಂಡ ಮೇಲೆ ಶುರುವಾಗಿ ಬೆಳಗಿನವರೆಗೆ ಬೆಳೆಯುವ ಆಟಕ್ಕೆ 10 ಗಂಟೆ ಎಂಬುದು ಮುಗಿಯುವ ಹೊತ್ತಲ್ಲ, ಗಣಸ್ತುತಿಯ ಹೊತ್ತು. ಯಕ್ಷಗಾನ ಮೇಳಗಳಿಗೆ ದೇವಸ್ಥಾನಗಳ ಬಲವಿದೆ, ಪತ್ರಿಕೆಗಳ ಗಮನವಿದೆ. ಮಾನ್ವಿ, ದೇವದುರ್ಗದ ಹಳ್ಳಿಯ ಆಟಕ್ಕೆ ಅಷ್ಟು ಗಟ್ಟಿ ಬೆಂಬಲವಿಲ್ಲ.

ತೆರಿಗೆಯಲ್ಲಿ ಸ್ವಲ್ಪ ಅನುಕೂಲವಾಗಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಜಾನಪದ ಅಥವಾ ಶಾಸ್ತ್ರೀಯ ಕಲಾವಿದರಿಗೆ ಒಂದು ಪ್ರದರ್ಶನದ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ವಿನಾಯಿತಿ ಸಿಕ್ಕಿತು. ಮುಂದೆ 500 ರೂಪಾಯಿವರೆಗಿನ ಸಂಗೀತ ಟಿಕೆಟ್ಟಿಗೂ ವಿನಾಯಿತಿ ಬಂತು. ಸಿನಿಮಾ ಹಾಡಿನ ರಸಮಂಜರಿ ತಂಡಕ್ಕೆ ಮೊದಲನೆಯದು ಅನ್ವಯಿಸುವುದಿಲ್ಲ, ಜಾತ್ರೆಗಳಲ್ಲಿ ಜನ ಹೆಚ್ಚು ಕೇಳುವುದು ಅದನ್ನೇ ಆದರೂ.

ಕೊರೊನಾ ಕಾಲದಲ್ಲಿ ಸಂಘಟನೆಯ ಬೆಲೆ ಎದ್ದು ಕಂಡಿತು. ಅಮೆರಿಕದ ಸ್ವತಂತ್ರ ವೇದಿಕೆಗಳು 2020ರಲ್ಲಿ ಸಂಘ ಕಟ್ಟಿ, ಆ ವರ್ಷದ ಕೊನೆಗೇ 15 ಶತಕೋಟಿ ಡಾಲರಿನ ನೆರವಿನ ಕಾನೂನು ತರಿಸಿದವು. ಕರ್ನಾಟಕ ಸರ್ಕಾರ 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ ಪ್ರಕಟಿಸಿತು. ಸಣ್ಣ ಮೊತ್ತವಾದರೂ ಕಲಾವಿದರು ಒಂದು ವರ್ಗವೆಂದು ಗುರುತಾಗಿದ್ದರಿಂದ ಅದು ಸಾಧ್ಯವಾಯಿತು. ಸೀನರಿ, ಮೈಕು, ಚಪ್ಪರ ಬಾಡಿಗೆ ಕೊಡುವವರು, ಸಭಾಂಗಣ ನಡೆಸುವವರು, ಜಾತ್ರೆ ನಾಟಕದ ವಂತಿಗೆ ಲೆಕ್ಕ ಇಡುವವರು ಹಾಗೆ ಗುರುತಾಗುವ ಕೆಲಸ ಇನ್ನೂ ಆಗಬೇಕಿದೆ.