ಗೇಣುದ್ದದ ಶಾರ್ಕ್, ಬೆರಳೆಣಿಕೆಯ ಮರಿ

ಕೋಲಾರ ಸೀಮೆಯ ಹೋಳೂರಿನಿಂದ ಕಡಲು ನೂರಾರು ಕಿಲೋಮೀಟರು ದೂರ. ಈ ಕಡೆಯವರಿಗೆ ಮೀನೆಂದರೆ ಕೆರೆ ಮೀನು, ಕಾಟ್ಲಾ, ರೋಹು. ಬಲಿತ ಹೆಣ್ಣು ರೋಹು ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. (ಕೆರೆಯ ನಿಂತ ನೀರಿನಲ್ಲಿ ಇಡದು ಎಂಬುದು ಬೇರೆ ಮಾತು. 1957ರಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ದಾರಿ ತೋರಿದ ಮೇಲೆ ಮರಿಗಳಿಗೆ ಬರವಿಲ್ಲದಾಯಿತು.) ಬಿಟ್ಟ ಮರಿ ವರ್ಷದೊಳಗೆ ಮಾರಾಟಕ್ಕೆ ಬರುತ್ತದೆ.

ಅರಬ್ಬಿ ಸಮುದ್ರದ ಆಳದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಳೆದ ಶತಮಾನಕ್ಕೂ ಹಿಂದೆ 'ಇನ್‌ವೆಸ್ಟಿಗೇಟರ್' ಎಂಬ ಸರ್ವೆ ಹಡಗು ನಮ್ಮ ಸಮುದ್ರಗಳ ತಳಕ್ಕೆ ಬಲೆ ಇಳಿಸಿತ್ತು. ಅದರಲ್ಲಿದ್ದ ವೈದ್ಯ ಆಲ್ಫ್ರೆಡ್ ಆಲ್ಕಾಕ್ 1891ರಲ್ಲಿ ಅಂಡಮಾನಿನ ಪುಟ್ಟ ಶಾರ್ಕೊಂದನ್ನು ವಿವರಿಸಿದ. ಅದರ ಬಳಗದ ಹೆಚ್ಚಿನವು ಮೊಟ್ಟೆ ಇಟ್ಟರೆ ಇದು ಮರಿ ಹಾಕುತ್ತದೆ, ಅದೂ ಎರಡೇ. ಕೇರಳದಾಚೆಯ ಆಳದಲ್ಲೂ ಇರುವ ಪಿಗ್ಮಿ ರಿಬ್ಬನ್‌ಟೇಲ್ ಶಾರ್ಕ್ ಇನ್ನೂ ಸೋಜಿಗದ್ದು. ಪೂರ್ತಿ ಬೆಳೆದರೂ ಗೇಣುದ್ದ, ಸುಮಾರು 24 ಸೆಂಟಿಮೀಟರು. ಹಾಕುವುದು ಒಂದೋ ಎರಡೋ ಮರಿ. ಹುಟ್ಟುವಾಗಲೇ ಮರಿ 10 ಸೆಂಟಿಮೀಟರಿಗೂ ಮೇಲೆ, ಹೆಚ್ಚುಕಡಿಮೆ ತಾಯಿಯ ಅರ್ಧದಷ್ಟು!

ಶಾರ್ಕಿಗೆ ಗಾಳಿಚೀಲವಿಲ್ಲ. ಮುಳುಗದಂತೆ ಅದನ್ನು ಹಿಡಿದಿಡುವುದು ಯಕೃತ್ತಿನ ಎಣ್ಣೆ. ಮನುಷ್ಯನ ಕಣ್ಣು ಬಿದ್ದದ್ದು ಅದರ ಮೇಲೆಯೇ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಕಾಡ್ ಎಣ್ಣೆ ಬರುವುದು ನಿಂತಾಗ ಮದರಾಸು ಸರ್ಕಾರ ಕಲ್ಲಿಕೋಟೆಯಲ್ಲಿ ಶಾರ್ಕ್ ಎಣ್ಣೆ ತೆಗೆಸಿತು. (ಆಗ ಮಂಗಳೂರೂ ಮದರಾಸಿಗೇ ಸೇರಿತ್ತು.) ಅದು 'ಎ' ಜೀವಸತ್ವಕ್ಕಾಗಿ ನಡೆದ ಕೆಲಸ. ಆಳದ ಶಾರ್ಕುಗಳಿಗೆ ಗಂಡಾಂತರ ಬಂದದ್ದು ಮುಂದೆ, ಅವುಗಳ ಎಣ್ಣೆಯಲ್ಲಿರುವ ಸ್ಕ್ವಾಲೀನ್ ಸೌಂದರ್ಯವರ್ಧಕಗಳಿಗೆ ಬೇಕಾದಾಗ.

ಅವುಗಳಲ್ಲಿ ಮುಖ್ಯವಾದದ್ದು ಗಲ್ಪರ್ ಶಾರ್ಕ್. ಗೇಣಿನದಲ್ಲ, ಒಂದು ಮೀಟರಿನ ಆಸುಪಾಸಿನದು. ಇದರ ಹೆಣ್ಣು ಬಲಿಯಲು ಹತ್ತು ಹದಿನೈದು ವರ್ಷ ಬೇಕು. ಗರ್ಭ ಸುಮಾರು ಎರಡು ವರ್ಷ. ಸಾಮಾನ್ಯವಾಗಿ ಹುಟ್ಟುವುದು ಒಂದೋ ಎರಡೋ ಮರಿ.

ಮಾಲ್ಡೀವ್ಸ್ ಜನ 1980ರಲ್ಲಿ ಇದನ್ನು ಎಣ್ಣೆಗಾಗಿ ಹಿಡಿಯತೊಡಗಿದರು. ಕೆಲವೇ ವರ್ಷಗಳಲ್ಲಿ ರಫ್ತು ಶಿಖರಕ್ಕೇರಿ, ಅಷ್ಟೇ ಬೇಗ ಇಳಿಯಿತು. 2002ರ ಹೊತ್ತಿಗೆ ಬಹುತೇಕ ನಿಂತೇಹೋಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಚ್ಚಿಯ ದೋಣಿಗಳು ಆಳದ ಶಾರ್ಕಿಗೆ ಗಾಳ ಹಾಕತೊಡಗಿದ್ದವು. ನೆರೆಯವರ ಕಥೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಯಿತೋ. 2024ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಆಳದ ಶಾರ್ಕ್, ತೊರಕೆ ಜಾತಿಗಳಲ್ಲಿ ಏಳರಲ್ಲಿ ಒಂದಕ್ಕೆ ಅಳಿಯುವ ಭೀತಿಯಿದೆ.

ಲೆಕ್ಕ ಹಾಕಿ ನೋಡಿ. ಮಾಲ್ಡೀವ್ಸಿನ ಬೇಟೆ ಶುರುವಾದ ವರ್ಷ ಹುಟ್ಟಿದ ಹೆಣ್ಣು ಮರಿ ಬಲಿತು, ಬಸುರಾಗಿ, ತನ್ನ ಮೊದಲ ಮರಿ ಹಾಕುವ ಹೊತ್ತಿಗೆ 1990ರ ದಶಕ ಬಂದಿರುತ್ತದೆ. ಅಷ್ಟರಲ್ಲಿ ಅಲ್ಲಿ ಬೇಟೆಯ ಸುಗ್ಗಿ ಮುಗಿದಿತ್ತು.