ಮಾಡು ಹೊದಿಸಿದವರು

ನಮ್ಮ ಕಾಸರಗೋಡಿನ ಚರಿತ್ರೆ ಎಂದರೆ ಕೋಟೆಗಳ ಚರಿತ್ರೆ ಎಂಬ ಭಾವನೆ ಅನೇಕರಲ್ಲಿದೆ. ಬೇಕಲ, ಹೊಸದುರ್ಗ, ಚಂದ್ರಗಿರಿ, ಕುಂಬಳೆಗಳನ್ನು ಯಾರು ಕಟ್ಟಿಸಿದರು, ಯಾರು ಗೆದ್ದರು, ಯಾರು ಬಿಟ್ಟುಹೋದರು ಎಂಬುದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಸಾಕಷ್ಟು ಬರೆದಾಗಿದೆ. ಆದರೆ ಆ ಕೋಟೆಗಳ ಸುತ್ತಮುತ್ತ ಬದುಕಿದ ಜನ ತುಳುವಿನ ಸುಗ್ಗಿ–ಪಗ್ಗು, ಮಲಯಾಳದ ಮೀನಂ–ಮೇಡಂ ತಿಂಗಳುಗಳ ಸೆಕೆಯಲ್ಲಿ ಹೇಗೆ ನಿದ್ದೆ ಮಾಡಿದರು, ತಮ್ಮ ಮನೆಗಳನ್ನು ಹೇಗೆ ತಂಪಾಗಿ ಇಟ್ಟುಕೊಂಡರು ಎಂಬುದನ್ನು ಬರೆದದ್ದು ಬಹಳ ಕಡಿಮೆ. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದ ನನಗೆ ಈಗೀಗ ಈ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತಿದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಕಟ್ಟಿದ ಮನೆಯನ್ನು ವರ್ಷ ವರ್ಷ ನೋಡಿಕೊಳ್ಳುವ ಕಷ್ಟಕ್ಕೆ ಇಷ್ಟು ಪ್ರಸಿದ್ಧವಾದ ಗಾದೆ ಇಲ್ಲ. ಆದರೆ ಸೆಕೆಯ ನಾಡಿನಲ್ಲಿ ಮನೆಯ ತಂಪು ಬಂದದ್ದು ಕಟ್ಟಿದ್ದರಿಂದ ಮಾತ್ರವಲ್ಲ, ಬಿಡದೆ ಮಾಡಿದ ರಿಪೇರಿಯಿಂದ. ಆ ರಿಪೇರಿಗೆ ಯಾರ ಬೆವರು ಸುರಿಯಿತು ಎಂದು ಕೇಳಿದರೆ ನಮ್ಮೂರಿನ ಇನ್ನೊಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಮುಳಿಯ ಕಾಲ

ನನ್ನ ಅಜ್ಜನ ಕಾಲಕ್ಕೆ ಚಂದ್ರಗಿರಿ ಹೊಳೆಯ ಆಚೆ ಈಚೆ ಹೆಚ್ಚಿನ ಮನೆಗಳು ಹುಲ್ಲಿನವು ಅಥವಾ ತೆಂಗಿನ ಗರಿಯವು. ಪಾರೆಗಳ ಮೇಲೆ ಬೆಳೆಯುವ ಮುಳಿಹುಲ್ಲನ್ನು ಮಳೆಗಾಲ ಕಳೆದ ಮೇಲೆ ಕೊಯ್ದು, ಒಣಗಿಸಿ, ಸೂಡಿ ಕಟ್ಟಿ ಇಡುತ್ತಿದ್ದರು. ತೋಟ ಇದ್ದವರಿಗೆ ಅಡಕೆಯ ಸೋಗೆ, ಕಡಲಕರೆಯವರಿಗೆ ಹೆಣೆದ ಮಡಲು. ಪತ್ತನಾಜೆ ಬರುವಷ್ಟರಲ್ಲಿ ಹಳೆಯ ಹುಲ್ಲು ಬಿಚ್ಚಿ ಹೊಸ ಹುಲ್ಲು ಹೊದಿಸಿ ಆಗಬೇಕು; ಆಮೇಲೆ ಮಳೆಯನ್ನು ನಂಬುವಂತಿಲ್ಲ. ಮಲಯಾಳಿಗಳು ಇದನ್ನು ‘ಪುರ ಮೇಯಲ್’ ಎಂದರು. ಒಂದು ಮನೆಯ ಮಾಡಿಗೆ ನೆರೆಕರೆಯ ಹತ್ತು ಮಂದಿ ಬರುವುದು, ಆ ಮನೆಯವರು ಇನ್ನೊಬ್ಬರ ಮನೆಗೆ ಹೋಗುವುದು ಎರಡೂ ಭಾಷೆಯವರಲ್ಲಿ ನಡೆದುಬಂದ ಪದ್ಧತಿ.

ದಪ್ಪ ಹುಲ್ಲಿನ ಎಸಳು ಎಸಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಬಿಸಿಲಿನ ಕಾವನ್ನು ಕೆಳಗೆ ಬಿಡುವುದಿಲ್ಲ. ಅಡುಗೆಮನೆಯ ಹೊಗೆ ಹುಲ್ಲಿಗೂ ಮರಕ್ಕೂ ತಾಗಿ ಹುಳ ಹಿಡಿಯದಂತೆ ಕಾಯುತ್ತಿತ್ತು. ಅನುಕೂಲಸ್ಥರ ಮನೆಯಲ್ಲಿ ಕೋಣೆಯ ಮೇಲೆ ಹಲಗೆ ಹಾಸಿ ಮಣ್ಣು ಮೆತ್ತಿದ ಅಟ್ಟವಿರುತ್ತಿತ್ತು. ಮಾಡಿಗೆ ಬೆಂಕಿ ಬಿದ್ದರೂ ಕೆಳಗಿನ ಸಾಮಾನು ಉಳಿಯಲಿ ಎಂಬುದು ಅದರ ಉದ್ದೇಶ. ಕೋಣೆ ತಂಪಾಗಿ ಉಳಿದದ್ದು ಜೊತೆಗೆ ಸಿಕ್ಕಿದ ಲಾಭ.

ಗೋಡೆಯದ್ದೂ ಒಂದು ಕತೆ ಇದೆ. ನಾವು ಮುರಕಲ್ಲು ಎನ್ನುವ, ಮಲಯಾಳಿಗಳು ಚೆಂಕಲ್ಲ್ ಎನ್ನುವ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಬಳಿಕ, 1800–01ರಲ್ಲಿ, ಕಂಪೆನಿಯ ಪರವಾಗಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತ ಮಲಬಾರಿನ ಅಙಾಡಿಪ್ಪುರದಲ್ಲಿ ಈ ಕಲ್ಲನ್ನು ಕಂಡ. ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದು, ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ ಎಂದು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರು ಹುಟ್ಟಿತು. ಬುಕಾನನ್‌ಗೆ ಹೊಸದಾದದ್ದು ನಮ್ಮ ಕಲ್ಲು ಕಡಿಯುವವರಿಗೆ ತಲೆತಲಾಂತರದ ವಿದ್ಯೆ. ಆ ತೂತು ತೂತಿನ ದಪ್ಪ ಕಲ್ಲು, ಅದರ ಮೇಲೆ ಚಿಪ್ಪು ಸುಟ್ಟ ಸುಣ್ಣ, ಗೋಡೆಗೆ ಬಿಸಿಲು ಮಳೆ ತಾಗದಂತೆ ಮುಂದಕ್ಕೆ ಚಾಚಿ ಇಳಿದ ಮಾಡು – ಇಷ್ಟು ನಮ್ಮ ಹಳೆಯ ಮನೆಗಳ ತಂಪಿನ ಮೂಲ.

ಆದರೆ ಆ ಕಾಲವನ್ನು ಬರಿದೇ ಹೊಗಳುವುದು ಸರಿಯಲ್ಲ. ಹತ್ತು ಮಂದಿ ಸೇರಿ ಮಾಡು ಹೊದಿಸಿದರು ಎಂದೆನಲ್ಲ, ಅದು ಸರಿಸಮಾನರ ಮಾತು. ಧಣಿಗಳ ದೊಡ್ಡ ಮನೆಯ ಮಾಡು ಹತ್ತಿದವರು ಒಕ್ಕಲಿನವರು ಮತ್ತು ಕೂಲಿಯಾಳುಗಳು. ಅವರಿಗೆ ಸಿಕ್ಕಿದ್ದು ಬಹುತೇಕ ಒಂದು ಹೊತ್ತಿನ ಊಟ. ಧಣಿಯ ಮಾಡು ಮುಗಿದ ಮೇಲೆಯೇ ಅವರ ಗುಡಿಸಲಿನ ಸರದಿ. ಅಷ್ಟರಲ್ಲಿ ಮಳೆ ಬಂದರೆ ಬಂತು. ಹಂಚು ಹೊದಿಸುವುದಕ್ಕಂತೂ ದುಡ್ಡು ಮಾತ್ರ ಸಾಲದು, ಅಪ್ಪಣೆಯೂ ಬೇಕಿತ್ತು. ಮಲಬಾರಿನಲ್ಲಿ ಹಂಚಿನ ಮಾಡು ಬಹುಕಾಲ ದೇವಸ್ಥಾನ, ಅರಮನೆಗಳ ಗುರುತಾಗಿತ್ತು. ತಿರುವಿತಾಂಕೂರಿನಲ್ಲಿ ಕೆಳಜಾತಿ ಎನಿಸಿಕೊಂಡವರು ಹಂಚು ಹೊದಿಸುವಂತಿರಲಿಲ್ಲ, ಉಪ್ಪರಿಗೆ ಎತ್ತುವಂತಿರಲಿಲ್ಲ. ಹಾಗಾಗಿ ನೆತ್ತಿಯ ಮೇಲೊಂದು ಹಂಚು ಎಂಬುದು ಬರಿಯ ಅನುಕೂಲವಲ್ಲ, ಮರ್ಯಾದೆಯ ಪ್ರಶ್ನೆಯೂ ಆಗಿತ್ತು.

1865ರ ಹಂಚು

ನಮ್ಮ ಎಷ್ಟೋ ಮನೆಗಳ ಹಂಚಿನ ಅಡಿಯಲ್ಲಿ ‘ಬಾಸೆಲ್ ಮಿಶನ್’ ಎಂಬ ಹೆಸರೂ ‘1865’ ಎಂಬ ಇಸವಿಯೂ ಇವೆ. ಇದನ್ನು ನೋಡಿ ‘ನಮ್ಮ ಮನೆ 1865ರದ್ದು’ ಎಂದು ಹೇಳುವವರನ್ನು ಹಲವು ಸಲ ಕಂಡಿದ್ದೇನೆ. ಅದು ಮನೆಯ ಇಸವಿಯಲ್ಲ, ಹಂಚು ಸುಟ್ಟ ಇಸವಿಯೂ ಅಲ್ಲ. ಮಂಗಳೂರಿನ ಜೆಪ್ಪಿನಲ್ಲಿ ಮಿಶನ್ನಿನವರು ಕಾರ್ಖಾನೆ ಆರಂಭಿಸಿದ ಇಸವಿ. ಆಮೇಲೆ ಬಹುಕಾಲ ಅದೇ ಅಂಕೆ ಅಚ್ಚಿನಲ್ಲಿ ಉಳಿಯಿತು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರು ಜಾತಿಯ ಕಸುಬನ್ನೂ ನಂಟರನ್ನೂ ಕಳೆದುಕೊಂಡಾಗ ಅವರಿಗೆ ಕೆಲಸ ಕೊಡಬೇಕಾಯಿತು. ನೇಯ್ಗೆಯಾಯಿತು, ಮುದ್ರಣವಾಯಿತು. ಮುದ್ರಣಾಲಯದ ಕೆಲಸದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಆವೆಮಣ್ಣನ್ನು ಪರೀಕ್ಷಿಸಿ ಹಂಚಿನ ಕೆಲಸಕ್ಕೆ ಕೈಹಾಕಿದ. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹಂಚನ್ನು ಫ್ರಾನ್ಸಿನ ಅಲ್ಸಾಸಿನಲ್ಲಿ ಜಿಲಾರ್ಡೋನಿ ಸೋದರರು 1841ರಲ್ಲೇ ರೂಪಿಸಿದ್ದರು. ಆ ಜಾತಿಯ ಹಂಚು ನಮ್ಮ ಮಣ್ಣಿನಲ್ಲಿ ‘ಮಂಗಳೂರು ಹಂಚು’ ಎಂದು ಹೆಸರು ಪಡೆದು ಮುಂಬಯಿ, ಏಡನ್, ಪೂರ್ವ ಆಫ್ರಿಕದವರೆಗೆ ಹಡಗು ಹತ್ತಿತು. ಕೋಝಿಕ್ಕೋಡು, ಫರೋಕ್, ಪಾಲಕ್ಕಾಡು, ಮಲ್ಪೆಗಳಲ್ಲಿ ಮಿಶನ್ನಿನ ಕಾರ್ಖಾನೆಗಳು ಎದ್ದವು. ಊರಿನ ಉದ್ಯಮಿಗಳೂ ಹಿಂದೆ ಬೀಳಲಿಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ನಮ್ಮ ಊರುಗಳಿಗೆ ಹಂಚು ತರುವುದು ಇನ್ನೂ ಸುಲಭವಾಯಿತು.

ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ – ಎರಡೂ ಹೊರಬಂದದ್ದು ಇದೇ ಮಿಶನ್ನಿನಿಂದ, ಇದೇ ಮಂಗಳೂರಿನಿಂದ. ಎರಡು ಭಾಷೆಯ ಶಬ್ದಗಳನ್ನು ಕೂಡಿಟ್ಟವರೇ ಎರಡು ಭಾಷೆಯವರ ತಲೆಯ ಮೇಲೆ ಒಂದೇ ಹಂಚನ್ನೂ ಹೊದಿಸಿದರು. ಮಲಯಾಳದಲ್ಲೂ ತುಳುವಿನಲ್ಲೂ ಅದಕ್ಕೆ ‘ಓಡು’ ಎಂದೇ ಹೆಸರು. ಕನ್ನಡದಲ್ಲಿ ಆ ಶಬ್ದ ಮಡಕೆಯ ಚೂರಿಗೂ ಸಲ್ಲುತ್ತದೆ.

ಹಂಚಿನ ಮಾಡು ಮುಳಿಯಷ್ಟು ತಂಪಲ್ಲ. ಅಜ್ಜಿಯರು ಅದನ್ನು ಹೇಳುತ್ತಲೇ ಇದ್ದರು. ಆದರೆ ಬೆಂಕಿಯ ಭಯ ಹೋಯಿತು, ವರ್ಷ ವರ್ಷ ಬಿಚ್ಚಿ ಹೊದಿಸುವ ದಂಡಗೆಲಸ ಹೋಯಿತು. ಹಂಚು ತೆಳು, ಸೂರ್ಯ ಮುಳುಗಿದೊಡನೆ ಆರುತ್ತದೆ. ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲಕ್ಕೆ ನುಸುಳಿ ಹೋಗುತ್ತದೆ. ಅಡಿಯಲ್ಲಿ ಅಟ್ಟವೋ ಸೀಲಿಂಗ್ ಹಂಚೋ ಇದ್ದರೆ ನಡುವಿನ ಗಾಳಿಯೇ ಇನ್ನೊಂದು ಹೊದಿಕೆ.

ಕೆಲಸ ಕಡಿಮೆಯಾಯಿತೇ ಹೊರತು ಮುಗಿಯಲಿಲ್ಲ. ಮಳೆಗೆ ಮೊದಲು ಒಬ್ಬರು ಮಾಡು ಹತ್ತಲೇಬೇಕು. ತೆಂಗಿನಕಾಯಿ ಬಿದ್ದು, ಮಂಗ ಹಾರಿ ಒಡೆದ ಹಂಚು ಬದಲಿಸಬೇಕು. ಹಾವಸೆ ಉಜ್ಜಬೇಕು, ಎರಡು ಮಾಡು ಕೂಡುವಲ್ಲಿ ದಂಬೆಯೊಳಗೆ ತುಂಬಿದ ತರಗೆಲೆ ತೆಗೆಯಬೇಕು, ಪಕ್ಕಾಸು ರೀಪುಗಳಿಗೆ ಒರಲೆ ಹತ್ತಿದೆಯೋ ನೋಡಬೇಕು. ಒಂದು ಹಂಚಿನ ಸಂದಿನಲ್ಲಿ ಇಳಿದ ನೀರು ಮೂರು ಮಳೆಗಾಲದಲ್ಲಿ ಒಂದು ಪಕ್ಕಾಸನ್ನು ತಿನ್ನುತ್ತದೆ. ‘ಮೋಂತಾಯಂ ವಳಞ್ಞಾಲ್ ಅರುಪತ್ತಿನಾಲುಂ ವಳಯುಂ’ ಎಂದು ಮಲಯಾಳದ ಗಾದೆ – ನೆತ್ತಿಯ ಮರ ಬಾಗಿದರೆ ಅರುವತ್ತನಾಲ್ಕು ಪಕ್ಕಾಸೂ ಬಾಗಿತು. ದೊಡ್ಡವರು ಕೆಟ್ಟರೆ ಎಲ್ಲರೂ ಕೆಟ್ಟರು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಮೊದಲು ಅದು ಮಾಡು ಹತ್ತಿದವನ ಅನುಭವ.

ಟೆರೇಸು ಬಂತು

ಮುಳಿಯ ಮನೆ ಮಾಯವಾದದ್ದು ಹಂಚಿನ ಸ್ಪರ್ಧೆಯಿಂದ ಮಾತ್ರವಲ್ಲ. ಕೇರಳದ ಭೂಸುಧಾರಣೆ 1970ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಒಕ್ಕಲಿನವನು ತನ್ನ ನೆಲಕ್ಕೆ ತಾನೇ ಒಡೆಯನಾದ. ಧಣಿಯ ಮಾಡು ಹತ್ತಬೇಕಾದ ಹಂಗು ತಪ್ಪಿತು. ಅದು ಆಗಬೇಕಾದದ್ದೇ. ಪಾರೆ ಗುಡ್ಡಗಳು ಗೇರು, ರಬ್ಬರಿಗೆ ಹೋದವು, ಮುಳಿಯೂ ಸಿಗದಾಯಿತು. ಅದೇ ದಶಕದಲ್ಲಿ ಗಲ್ಫಿನ ದಾರಿ ತೆರೆಯಿತು. ಮರಳುನಾಡಿನ ಸೆಕೆಯಲ್ಲಿ ದುಡಿದ ನಮ್ಮ ಹುಡುಗರು ಊರಿಗೆ ಕಳಿಸಿದ ದುಡ್ಡು ‘ವಾರ್ಪಿನ’ ಮನೆಗಳಾಯಿತು. ಮಾಡು ಹತ್ತುವ ಆಳಿಗಾಗಿ ಕಾಯಬೇಕಾಗಿಲ್ಲ, ಒರಲೆಯ ಭಯವಿಲ್ಲ, ಕಳ್ಳ ಹಂಚು ಸರಿಸಿ ಇಳಿಯುವಂತಿಲ್ಲ. ಹುಲ್ಲಿನ ಗುಡಿಸಲಲ್ಲಿ ಹುಟ್ಟಿದವನು ಟೆರೇಸು ಮನೆ ಕಟ್ಟಿಸಿದ್ದರ ಹಿಂದಿನ ಆಸೆಯನ್ನು ಹಗುರವಾಗಿ ನೋಡಲಾಗದು. ಹಂಚಿಗೆ ಅಪ್ಪಣೆ ಬೇಡಬೇಕಾಗಿದ್ದ ನಾಡು ಇದು.

ಆದರೆ ಸೆಕೆಯ ಲೆಕ್ಕ ಬೇರೆ. ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು, ರಾತ್ರಿ ನಾವು ಮಲಗಿದಾಗ ಆ ಕಾವನ್ನು ಕೆಳಗೆ ಬಿಡುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ಸುತ್ತಿಸುತ್ತದೆ; ಮೈಯ ಬೆವರು ಆರುವಷ್ಟು ಮಾತ್ರ ಅದರ ಉಪಕಾರ. ಬಳ್ಳಾರಿ, ರಾಯದುರ್ಗದ ಒಣ ಸೆಕೆಯಲ್ಲಿ ಲಾವಂಚದ ತಟ್ಟಿಗೆ ನೀರು ಹನಿಸಿದರೆ ಗಾಳಿ ತಂಪಾಗುತ್ತದೆ, ನೀರಿನ ಕೂಲರೂ ಕೆಲಸ ಮಾಡುತ್ತದೆ. ನಮ್ಮ ಕಡಲಕರೆಯ ಗಾಳಿ ಮೊದಲೇ ನೀರು ಕುಡಿದಿರುವುದರಿಂದ ಇಲ್ಲಿ ಅದು ನಡೆಯದು. ಹೀಗಾಗಿ ಉಳಿದದ್ದು ಏಸಿ.

ಏಸಿಯ ಮೂಲವೂ ತೇವವೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಏಸಿಯ ಮೂಲ. ನಮ್ಮ ಹಂಚೂ ಮುದ್ರಣಾಲಯದವನ ಕೈಯಿಂದ ಬಂತು, ಏಸಿಯೂ ಮುದ್ರಣಾಲಯದಿಂದಲೇ ಬಂತು!

ರಿಪೇರಿ ಮಾತ್ರ ತಪ್ಪಲಿಲ್ಲ. ಫಿಲ್ಟರಿನ ಧೂಳು ತೊಳೆಯಬೇಕು, ನೀರು ಹೋಗುವ ಪೈಪಿನ ಲೋಳೆ ತೆಗೆಯಬೇಕು. ಹೊರಗಿಟ್ಟ ಪೆಟ್ಟಿಗೆಯನ್ನು ಕಡಲಿನ ಉಪ್ಪುಗಾಳಿ ತಿನ್ನುತ್ತದೆ. ಕೊಳವೆ ಸವೆದು ಗ್ಯಾಸು ಸೋರುತ್ತದೆ. ನಮ್ಮ ನೆರೆಮನೆಗೆ ಏಸಿ ನೋಡಲು ಬಂದ ಮಲಯಾಳಿ ಹುಡುಗನೊಬ್ಬ ಹೇಳಿದ: “ಮಾಷೆ, ಈ ಮೆಷಿನು ಕೋಣೆಯನ್ನು ತಂಪು ಮಾಡುವುದಲ್ಲ, ಮೇಲಿನ ಸ್ಲ್ಯಾಬನ್ನು ತಂಪು ಮಾಡುತ್ತಾ ಇದೆ. ಅದಕ್ಕೇ ಅದಕ್ಕೆ ಇಷ್ಟು ಆಯಾಸ.” ಮಾಡಿನ ಚರಿತ್ರೆಯನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. 2024ರ ಬೇಸಿಗೆಯಲ್ಲಿ ಕೇರಳದ ಒಂದು ದಿನದ ವಿದ್ಯುತ್ ಬಳಕೆ 11 ಕೋಟಿ ಯುನಿಟ್ ದಾಟಿತು. ಬೇಡಿಕೆ ತುದಿಗೇರಿದ್ದು ರಾತ್ರಿ ಹೊತ್ತು. ಸ್ಲ್ಯಾಬು ಕಾವು ಬಿಡುವ ಹೊತ್ತೂ ಅದೇ.

ಮಾಡಿನ ಮೇಲೊಂದು ಮಾಡು

ಈಗ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹೋದರೆ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ತಗಡು ಅಥವಾ ಹಂಚಿನ ಇಳಿಜಾರು ಮಾಡು. ಮಳೆನೀರು ಸೋರದಿರಲಿ, ಬಿಸಿಲು ನೇರ ಬೀಳದಿರಲಿ ಎಂದು ಜನ ತಾವಾಗಿಯೇ ಕಂಡುಕೊಂಡ ಉಪಾಯ. ಕೆಡವಿದ ಹಳೆಯ ಮನೆಯ ಹಂಚು ಹೊಸ ಮನೆಯ ನೆತ್ತಿಗೆ ಏರಿದ್ದನ್ನೂ ನೋಡಿದ್ದೇನೆ. ಲಾರಿ ಬೇಕರ್ ಕೇರಳದಲ್ಲಿ ಕಟ್ಟಿದ ಮನೆಗಳಲ್ಲಿ ಇಂಥ ಹಳೆಯ ಹಂಚನ್ನು ಸ್ಲ್ಯಾಬಿನ ಒಳಗೇ ಇಟ್ಟು ಕಾಂಕ್ರೀಟನ್ನೂ ಕಾವನ್ನೂ ಕಡಿಮೆ ಮಾಡಿ ತೋರಿಸಿದ್ದರು. ಅಜ್ಜನ ಅಟ್ಟ, ಮಿಶನ್ನಿನ ಸೀಲಿಂಗ್ ಹಂಚು, ಇಂದಿನ ಎರಡನೆಯ ಮಾಡು – ಮೂರರ ತತ್ತ್ವವೂ ಒಂದೇ: ಬಿಸಿಲಿಗೂ ಮನುಷ್ಯನಿಗೂ ನಡುವೆ ನೆರಳು ಮತ್ತು ಗಾಳಿ.

ಆದರೆ ಎರಡನೆಯ ಮಾಡು ಎಬ್ಬಿಸಲು ದುಡ್ಡಿರುವವರ ಮಾತು ಇದು. ಸಣ್ಣ ಕಾಂಕ್ರೀಟು ಮನೆಯಲ್ಲಿ, ತಗಡಿನ ಅಡಿಯಲ್ಲಿ ಒಂದೇ ಫ್ಯಾನಿನ ಕೆಳಗೆ ರಾತ್ರಿ ಕಳೆಯುವವರು ನಮ್ಮಲ್ಲಿ ಬಹಳ ಮಂದಿ. ಹಿಂದೆ ಒಬ್ಬರ ಮನೆಯ ತಂಪಿಗಾಗಿ ಇನ್ನೊಬ್ಬರು ಬಿಸಿಲಲ್ಲಿ ಮಾಡು ಹತ್ತಿದರು. ಈಗ ಒಂದು ಮನೆಯ ಏಸಿ ಹೊರಗೆ ಬಿಡುವ ಬಿಸಿಗಾಳಿ ನೆರೆಯವನ ಕಿಟಕಿಗೆ ಹೋಗುತ್ತದೆ. ಸೆಕೆಯನ್ನು ಸಮನಾಗಿ ಹಂಚಿಕೊಳ್ಳುವುದು ನಮಗೆ ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ.

ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹಲವು ಬಾಗಿಲು ಹಾಕಿವೆ. ಅಲ್ಲಿ ಆವೆಮಣ್ಣು ಹೊತ್ತ ಗಂಡಸರು ಹೆಂಗಸರು, ನಮ್ಮ ಹಳ್ಳಿಗಳಲ್ಲಿ ಹಂಚು ಬದಲಿಸಲು ಮಾಡು ಹತ್ತಿದವರು ಮುದುಕರಾಗಿದ್ದಾರೆ, ಅನೇಕರು ತೀರಿಹೋಗಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಮಾಡು ಹೊದಿಸಿದವರ ಹೆಸರು ಎಲ್ಲೂ ಇಲ್ಲ. ಈ ವಾರ್ಷಿಕದ ಎಳೆಯ ಓದುಗರಲ್ಲಿ, ಕನ್ನಡದವರಲ್ಲೂ ಮಲಯಾಳದವರಲ್ಲೂ, ನನ್ನದೊಂದು ಕೋರಿಕೆ. ಹಳೆಯ ಮನೆ ಕೆಡವುವ ಮೊದಲು ಅದರ ಫೋಟೋ ಎಲ್ಲರೂ ತೆಗೆಯುತ್ತೀರಿ. ಅದರ ಜೊತೆಗೆ ಊರಿನ ಹಿರಿಯರಲ್ಲಿ ಒಂದು ಮಾತು ಕೇಳಿ ಬರೆದಿಡಿ: ಈ ಮಾಡನ್ನು ವರ್ಷ ವರ್ಷ ಹತ್ತಿ ಸರಿ ಮಾಡಿದವರು ಯಾರು, ಅವರ ಮನೆಯ ಮಾಡು ಯಾವುದರದ್ದಾಗಿತ್ತು?