ಬಾಯ್ಕಾಟ್: ಒಂದು ಹೆಸರು ಕ್ರಿಯಾಪದವಾದ ಕಥೆ

ಮನುಷ್ಯನ ಹೆಸರು ಅವನು ಬದುಕಿರುವಾಗಲೇ ಕ್ರಿಯಾಪದವಾಗಿಬಿಡುವುದು ಅಪರೂಪದ ಸಂಗತಿ. 'ಬಾಯ್ಕಾಟ್' ಎಂಬ ಇಂಗ್ಲಿಷ್ ಮಾತನ್ನು ನಾವು ಕನ್ನಡದ ನಡುವೆಯೇ ಧಾರಾಳವಾಗಿ ಆಡುತ್ತೇವೆ. ಆ ಹೆಸರಿನವನೊಬ್ಬ ಇದ್ದನೆಂಬುದು ಮಾತ್ರ ಮರೆತುಹೋಗಿದೆ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹುಟ್ಟಿದವನು. ಕೆಲಕಾಲ ಸೈನ್ಯದಲ್ಲಿದ್ದು, ಆಮೇಲೆ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾದ. ಒಡೆಯನ ಪರವಾಗಿ ಗೇಣಿ ವಸೂಲು ಮಾಡುವುದು ಅವನ ಕೆಲಸ. 1879ರಲ್ಲಿ ಅಲ್ಲಿ ಬೆಳೆ ಕೆಟ್ಟಿತು. ಮರುವರ್ಷ ಒಡೆಯ ಗೇಣಿಯಲ್ಲಿ ಶೇಕಡ 10 ಬಿಡುತ್ತೇನೆಂದ. ಒಕ್ಕಲುಗಳು ಶೇಕಡ 25 ಕೇಳಿದರು. ಒಪ್ಪಂದ ಮುರಿಯಿತು, ಒಕ್ಕಲೆಬ್ಬಿಸುವ ನೋಟೀಸುಗಳು ಹೊರಟವು.

ಅದೇ 1880ರ ಸೆಪ್ಟೆಂಬರ್ 19ರಂದು ಐರಿಷ್ ನಾಯಕ ಪಾರ್ನೆಲ್ ಎನ್ನಿಸ್ ಪಟ್ಟಣದಲ್ಲಿ ಒಂದು ಭಾಷಣ ಮಾಡಿದ್ದ. ಒಕ್ಕಲೆಬ್ಬಿಸಿದ ಭೂಮಿಯನ್ನು ಗುತ್ತಿಗೆ ಹಿಡಿದವನನ್ನು ಹೊಡೆಯಬೇಡಿ. ದಾರಿಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಅವನ ಸಂಗ ಬಿಡಿ ಎಂಬುದು ಅದರ ತಾತ್ಪರ್ಯ. ಬಾಯ್ಕಾಟನೇನೂ ಹಾಗೆ ಗುತ್ತಿಗೆ ಹಿಡಿದವನಲ್ಲ. ಆದರೂ ಅಸ್ತ್ರ ಅವನ ಕಡೆಗೇ ತಿರುಗಿತು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು. ಅವನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ತನ್ನ ಗೋಳು ಬರೆದುಕೊಂಡ. ನವೆಂಬರಿನಲ್ಲಿ ಉತ್ತರದ ಸೀಮೆಗಳಿಂದ ಸುಮಾರು 50 ಜನ ಕೂಲಿಗಳು ಬಂದರು. ಅವರ ಕಾವಲಿಗೆ ನೂರಾರು ಸಿಪಾಯಿಗಳು. ಸುಮಾರು 500 ಪೌಂಡಿನ ಬೆಳೆಯನ್ನು ಮನೆಗೆ ತರಲು 10,000 ಪೌಂಡು ಖರ್ಚಾಯಿತೆಂದು ಆಗ ಅಂದಾಜು ಮಾಡಿದರು! ಡಿಸೆಂಬರಿನ ಮೊದಲಿಗೆ ಬಾಯ್ಕಾಟ್ ಸಂಸಾರಸಮೇತ ಊರು ಬಿಟ್ಟ.

ಪದ ಹುಟ್ಟಿದ ಬಗೆಯನ್ನು ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಹೇಳಿದ್ದಾನೆ. ಈ ಕ್ರಮಕ್ಕೆ ಏನು ಹೆಸರಿಡೋಣವೆಂದು ಆತ ಅಲ್ಲಿನ ಪಾದ್ರಿ ಜಾನ್ ಒಮ್ಯಾಲಿಯವರೊಡನೆ ಚರ್ಚಿಸುತ್ತಿದ್ದ. 'ಆಸ್ಟ್ರಸೈಜ಼್' ಎಂಬ ಮಾತು ಇತ್ತು. ಆದರೆ ರೈತರಿಗೆ ಅದು ತಿಳಿಯುವಂತಿರಲಿಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಮಡಕೆಯ ಚೂರುಗಳ ಮೇಲೆ ಹೆಸರು ಗೀರಿ, ಬೇಡವಾದವನನ್ನು ಹತ್ತು ವರ್ಷ ನಗರದಿಂದ ಹೊರಗಟ್ಟುತ್ತಿದ್ದ ಪದ್ಧತಿಯಿಂದ ಬಂದ ಪಂಡಿತರ ಪದ ಅದು. ಪಾದ್ರಿ ಸ್ವಲ್ಪ ಯೋಚಿಸಿ, ಬಾಯ್ಕಾಟನ ಹೆಸರನ್ನೇ ಇಡೋಣವೆಂದರಂತೆ. ಕೆಲವೇ ವರ್ಷಗಳಲ್ಲಿ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಅದು ಸೇರಿಕೊಂಡಿತು.

1905ರ ಆಗಸ್ಟ್ 7ರಂದು, ಬಂಗಾಳದ ವಿಭಜನೆಯನ್ನು ವಿರೋಧಿಸಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಬ್ರಿಟಿಷ್ ಸರಕಿನ ಬಾಯ್ಕಾಟ್ ಸಾರಿದಾಗ ಈ ಐರಿಷ್ ಅಸ್ತ್ರ ನಮ್ಮ ಕೈಗೂ ಬಂತು. ಅದಕ್ಕೆ ನಾವು ಕೊಟ್ಟ ಹೆಸರು 'ಬಹಿಷ್ಕಾರ'. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಿಷ್ಕಾರ ನಮಗೆ ಹೊಸ ಮಾತಲ್ಲ. ಜಾತಿ ಕೆಟ್ಟವರನ್ನು ಕುಲದಿಂದ ಹೊರಗೆ ಹಾಕುವುದಕ್ಕೆ, ಬದುಕಿದ್ದವರಿಗೇ ಘಟಶ್ರಾದ್ಧ ಮಾಡಿ ಕೈತೊಳೆದುಕೊಳ್ಳುವುದಕ್ಕೆ ಸಲ್ಲುತ್ತಿದ್ದ ಮಾತು. (ಗ್ರೀಕರಿಗೆ ಮಡಕೆಯ ಚೂರು, ನಮಗೆ ಇಡೀ ಮಡಕೆ!) ಮೇಯೋದಲ್ಲಿ ದುರ್ಬಲರು ಬಲಿಷ್ಠನ ಮೇಲೆ ಹೂಡಿದ್ದನ್ನು ಇಲ್ಲಿ ಬಲಿಷ್ಠರು ದುರ್ಬಲರ ಮೇಲೆ ಹೂಡುತ್ತಿದ್ದರು. ಅನುವಾದದಲ್ಲಿ ಎರಡೂ ಒಂದಾಗಿಹೋದವು.

ಈ ಹಳೆಯ ಅರ್ಥದ ನೋವನ್ನು ಮರೆಯದವರು ಅಂಬೇಡ್ಕರರು. 1924ರಲ್ಲಿ ಅವರು ಮುಂಬಯಿಯಲ್ಲಿ ಸ್ಥಾಪಿಸಿದ್ದು 'ಬಹಿಷ್ಕೃತ ಹಿತಕಾರಿಣೀ ಸಭಾ'. 1927ರಲ್ಲಿ ಹೊರಡಿಸಿದ ಮರಾಠಿ ಪತ್ರಿಕೆ 'ಬಹಿಷ್ಕೃತ ಭಾರತ'. ಸ್ವದೇಶಿಯವರಿಗೆ ಬಹಿಷ್ಕಾರವೆಂದರೆ ತಾವು ಮಾಡುವುದು. ಇವರಿಗೆ ಅದು ತಮಗೆ ಮಾಡಿದ್ದು.

ಮಹಾರಾಷ್ಟ್ರ ಸರ್ಕಾರ 2016ರಲ್ಲಿ, ಜಾತಿ ಪಂಚಾಯಿತಿಗಳು ಜನರನ್ನು ಹೀಗೆ ಹೊರಗಿಡುವುದನ್ನು ಅಪರಾಧವೆಂದು ಸಾರುವ ಕಾಯಿದೆ ಮಾಡಿತು. ಅದರ ಇಂಗ್ಲಿಷ್ ಶೀರ್ಷಿಕೆಯಲ್ಲಿ ಹೊರಗಿಡುವ ಆ ಅಪರಾಧಕ್ಕೆ ಕೊಟ್ಟಿರುವ ಹೆಸರು 'ಸೋಷಿಯಲ್ ಬಾಯ್ಕಾಟ್'.